ಯಾರ ದುಡ್ಡು ಇದು?

"ತಮಾ, ಇದು ಯಾರ ದುಡ್ಡು?"

2021ರ ಮಳೆಗಾಲದ ಒಂದು ಸಂಜೆ ಅತ್ತೆ ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಶಿರಸಿ ಹತ್ತಿರದ ಅವಳ ಮನೆಯ ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಬೆಂಗಳೂರಿನಲ್ಲಿ ಕೂತ ನನಗೆ ಅವಳ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಕಮಿಷನ್ನು ಮುರಿದುಕೊಂಡ ಮೇಲೂ ಪಾಸ್‌ಬುಕ್ಕಿನಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ ಹೆಚ್ಚಿಗೆ ಉಂಟು. ನಾನು ಕಳಿಸಿದ್ದು ಅರವತ್ತೊಂದೇ ಬಾಟಲಿ."

"ಹೆಚ್ಚಿಗೆ ಬಂದರೆ ಒಳ್ಳೆಯದೇ ಅಲ್ಲವಾ ಅತ್ತೆ" ಅಂದುಬಿಟ್ಟೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಬಂತು. ಆಮೇಲೆ ಹೇಳಿದಳು: "ಕಡಿಮೆ ಬಿದ್ದರೆ ನಮ್ಮ ನಷ್ಟ, ಸುಮ್ಮನಿರಬಹುದು. ಹೆಚ್ಚಿಗೆ ಬಿದ್ದದ್ದು ಬೇರೆ ಯಾರದ್ದೋ. ಅದನ್ನು ಇಟ್ಟುಕೊಂಡು ನಿದ್ದೆ ಮಾಡುವುದು ಹೇಗೆ?"

ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾಳೆ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಿಸಬೇಕು, ಸೊನೆ ಹರಿದುಹೋಗಬಾರದು. ಕೆಳಗೆ ಬಿದ್ದು ಪೆಟ್ಟಾದದ್ದನ್ನು ಆರಿಸಿ ತೆಗೆಯಬೇಕು. ಉಪ್ಪಿನಲ್ಲಿ ಹಾಕಿ, ಮಿಡಿ ಚಿರುಟುವವರೆಗೆ ಕಾದು, ಆಮೇಲೆ ಸಾಸಿವೆ ಮೆಣಸು ಬೀಸಿ ಹಾಕಬೇಕು. ಇಷ್ಟೆಲ್ಲ ಮಾಡಿ ಪರಿಚಯದವರಿಗೆ ಮಾತ್ರ ಮಾರುತ್ತಿದ್ದಳು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡಲು ಊರಿಗೆ ಹೋಗಿದ್ದ ನಾನು, ವೆಬ್‌ಸೈಟ್ ಮಾಡಿಕೊಡುತ್ತೇನೆ ಎಂದೆ. ಬಾಟಲಿಗೆ ಅಂಚೆ ಖರ್ಚೂ ಸೇರಿ 420 ರೂಪಾಯಿ. ಜನ ಫೋನಿನಲ್ಲೇ ದುಡ್ಡು ಕಟ್ಟಬಹುದು, ವಿಳಾಸ ತಾನಾಗಿ ಬರುತ್ತದೆ ಎಂದು ಹೇಳಿದೆ.

ನಾನು ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಮೊದಲ ದಿನವೇ ಅತ್ತೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ಪಕ್ಕದಲ್ಲಿಟ್ಟಳು. "ಇದನ್ನೊಮ್ಮೆ ನೋಡು." ಅದರಲ್ಲಿ ಮೂರು ಸಾಲು ಗೆರೆ ಎಳೆದಿತ್ತು: ಕೇಳಿದ್ದು, ಬಂದದ್ದು, ಕಳಿಸಿದ್ದು. ನಾನು ಅದನ್ನು ಸರಿಯಾಗಿ ನೋಡಲೂ ಇಲ್ಲ. "ಇನ್ನು ಇದೆಲ್ಲ ಬೇಡ ಅತ್ತೆ, ಕಂಪ್ಯೂಟರೇ ನೋಡಿಕೊಳ್ಳುತ್ತದೆ" ಎಂದು ಬದಿಗೆ ಸರಿಸಿದೆ. ಆ ಕೈಚಲನೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಗ್ರಾಹಕರು ಕಟ್ಟಿದ ಹಣವನ್ನು ಅತ್ತೆಯ ಖಾತೆಗೆ ಮುಟ್ಟಿಸುವ ಪೇಮೆಂಟ್ ಗೇಟ್‌ವೇ ಜೋಡಿಸುವ ಕೆಲಸ ಎರಡು ದಿನದಲ್ಲಿ ಮುಗಿಯಿತು. ಗ್ರಾಹಕ ವಿಳಾಸ ತುಂಬಿ ಗುಂಡಿ ಒತ್ತಿದರೆ ಗೇಟ್‌ವೇಯ ಪುಟ ತೆರೆದುಕೊಳ್ಳುತ್ತದೆ. ಹಣ ಕಟ್ಟಿದ ಮೇಲೆ ಅವನ ಬ್ರೌಸರ್ ತಿರುಗಿ ನಮ್ಮ 'ಧನ್ಯವಾದ' ಪುಟಕ್ಕೆ ಬರುತ್ತದೆ. ಆ ಪುಟ ತೆರೆದಾಗ ನನ್ನ ಕೋಡ್ ಆರ್ಡರನ್ನು ಡೇಟಾಬೇಸಿನಲ್ಲಿ ಬರೆದು ಅತ್ತೆಗೆ ಸಂದೇಶ ಕಳಿಸುತ್ತದೆ. ಗೇಟ್‌ವೇಗೆ ಮೊತ್ತವನ್ನು ಪೈಸೆಯಲ್ಲಿ ಹೇಳಬೇಕು, 420 ರೂಪಾಯಿ ಎಂದರೆ 42000. ಅಲ್ಲಿ ತಪ್ಪಿದರೆ ಬಾಟಲಿ ನಾಲ್ಕು ರೂಪಾಯಿ ಇಪ್ಪತ್ತು ಪೈಸೆಗೆ ಹೋಗುತ್ತದೆ ಎಂದು ಆ ಒಂದು ಸಾಲನ್ನು ಹತ್ತು ಸಲ ನೋಡಿದ್ದೆ. ನನ್ನ ಎಚ್ಚರವೆಲ್ಲ ಅಲ್ಲೇ ಖರ್ಚಾಯಿತು.

ಗೇಟ್‌ವೇಯವರು ಪರೀಕ್ಷೆ ಮಾಡಿ ನೋಡಲು ಸುಳ್ಳು ಹಣದ ವ್ಯವಸ್ಥೆಯನ್ನೂ ಕೊಟ್ಟಿರುತ್ತಾರೆ. ಅದರಲ್ಲಿ ಎರಡು ಗುಂಡಿ: ಯಶಸ್ವಿ, ವಿಫಲ. ಎರಡನ್ನೂ ಒತ್ತಿ ನೋಡಿದೆ, ಎರಡೂ ಸರಿಯಾಗಿ ನಡೆದವು. ಹಣ ಹೋಯಿತು, ಆದರೆ ಗ್ರಾಹಕ ತಿರುಗಿ ಬರಲೇ ಇಲ್ಲ ಎಂಬ ಮೂರನೆಯ ಸ್ಥಿತಿಗೆ ಅಲ್ಲಿ ಗುಂಡಿ ಇರಲಿಲ್ಲ, ನನ್ನ ತಲೆಯಲ್ಲಿಯೂ ಇರಲಿಲ್ಲ. ಗೇಟ್‌ವೇಯ ಕೈಪಿಡಿಯಲ್ಲಿ ವೆಬ್‌ಹುಕ್ ಎಂಬ ಅಧ್ಯಾಯವಿತ್ತು. ಗ್ರಾಹಕನ ಬ್ರೌಸರನ್ನು ನಂಬಿಕೊಳ್ಳದೆ, ಗೇಟ್‌ವೇಯ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ 'ಇಂಥ ಹಣ ಬಂದಿದೆ' ಎಂದು ಸುದ್ದಿ ಮುಟ್ಟಿಸುವ ದಾರಿ ಅದು. ಓದಿದೆ. ಆಮೇಲೆ ಮಾಡಿದರಾಯಿತು ಎಂದುಕೊಂಡೆ.

ವೆಬ್‌ಸೈಟ್ ಶುರುವಾಗಿ ಒಂದು ವಾರಕ್ಕೆ ಧಾರವಾಡದಿಂದ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ರೊಕ್ಕ ಹೋಗೇದ್ರೀ, ಉಪ್ಪಿನಕಾಯಿದು ಏನೂ ಸುದ್ದಿ ಇಲ್ಲ." ನಾನು ಡೇಟಾಬೇಸ್ ನೋಡಿದೆ, ಅವರ ಹೆಸರು ಇರಲಿಲ್ಲ. ಹೆಸರಿಲ್ಲ ಎಂದರೆ ಹಣ ನಮಗೆ ಬಂದಿಲ್ಲ ಎಂದೇ ಲೆಕ್ಕ ಹಾಕಿ, ಗಟ್ಟಿ ದನಿಯಲ್ಲಿ ಅವರಿಗೆ ನಿಯಮ ಹೇಳಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಅಂಗಡಿಗೆ ಯುಪಿಐ ಮೂಲಕ ಕಟ್ಟಿದ ಹಣ ಖಾತೆಯಿಂದ ಕಳೆದು ಅಂಗಡಿಗೆ ಖಚಿತವಾಗದಿದ್ದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. "ಕಾಯಿರಿ ಸರ್, ಬರದಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಕೇಳಿ" ಎಂದೆ. ಇಮೇಲ್ ಬರೆದ ಇನ್ನಿಬ್ಬರಿಗೂ ಇದೇ ಉತ್ತರವನ್ನು ನಕಲು ಮಾಡಿ ಕಳಿಸಿದೆ.

ನಿಯಮ ನಿಜವೇ. ಆದರೆ ಅದು ವಿಫಲವಾದ ವ್ಯವಹಾರಕ್ಕೆ. ಮೇಷ್ಟ್ರ ವ್ಯವಹಾರ ವಿಫಲವಾಗಿರಲಿಲ್ಲ. ಹಣ ನೆಟ್ಟಗೆ ಅತ್ತೆಯ ಖಾತೆಗೇ ಬಂದಿತ್ತು. ವಿಫಲವಾದದ್ದು ನಾನು ಬರೆದ ಕೋಡ್.

ಅತ್ತೆಯ ಫೋನ್ ಬಂದ ಆ ರಾತ್ರಿ, ಮೊದಲ ಸಲ, ಗೇಟ್‌ವೇಯ ಪಟ್ಟಿಯನ್ನು ಇಳಿಸಿಕೊಂಡು ನಮ್ಮ ಆರ್ಡರುಗಳ ಪಕ್ಕಕ್ಕಿಟ್ಟು ನೋಡಿದೆ. ಅಲ್ಲಿ 72 ಯಶಸ್ವಿ ಪಾವತಿ, ನಮ್ಮಲ್ಲಿ 61 ಆರ್ಡರ್. ಹನ್ನೊಂದು ಹೆಚ್ಚು. ಒಂದೊಂದನ್ನೇ ತಾಳೆ ಹಾಕಿದಾಗ ಕಥೆ ಬಿಚ್ಚಿಕೊಂಡಿತು. ಯುಪಿಐಯಲ್ಲಿ ಹಣ ಕಟ್ಟುವವರು ಬ್ರೌಸರ್ ಬಿಟ್ಟು ಬೇರೆ ಆ್ಯಪ್‌ಗೆ ಹೋಗಿ ಪಿನ್ ಒತ್ತುತ್ತಾರೆ. ಅಲ್ಲಿ ಹಸಿರು ಗುರುತು ಕಂಡರೆ ಅವರ ಪಾಲಿಗೆ ಕೆಲಸ ಮುಗಿಯಿತು, ಫೋನ್ ಜೇಬಿಗೆ ಹೋಗುತ್ತದೆ. ಕೆಲವರಿಗೆ ನೆಟ್‌ವರ್ಕ್ ಕೈಕೊಡುತ್ತದೆ. ಕೆಲವು ಫೋನುಗಳು ಹಿಂದೆ ಉಳಿದ ಪುಟವನ್ನು ತಾವೇ ಮುಚ್ಚಿಬಿಡುತ್ತವೆ. 'ಧನ್ಯವಾದ' ಪುಟ ತೆರೆಯುವುದೇ ಇಲ್ಲ, ಆ ಪುಟ ತೆರೆಯದೆ ನನ್ನ ಕೋಡ್ ಏಳುವುದಿಲ್ಲ. ಏಳು ಮಂದಿಗೆ ಹೀಗಾಗಿತ್ತು. ಇನ್ನು ನಾಲ್ವರು, ಏನೂ ಕಾಣದೆ ಗಾಬರಿಯಾಗಿ, ಮತ್ತೊಮ್ಮೆ ಕಟ್ಟಿದ್ದರು. ಎರಡನೆಯ ಸಲ ಪುಟ ತೆರೆದಿತ್ತು. ಅವರಿಗೆ ಬಾಟಲಿ ಒಂದು ಹೋಗಿತ್ತು, ಹಣ ಎರಡು ಬಂದಿತ್ತು.

ಆ ಏಳು ಜನರ ವಿಳಾಸ ನನ್ನ ಬಳಿ ಇರಲಿಲ್ಲ. ಹಣ ಬಂದ ಮೇಲಷ್ಟೇ ಬರೆದುಕೊಳ್ಳುವುದು ಎಂದು ನಾನೇ ತೀರ್ಮಾನಿಸಿದ್ದೆನಲ್ಲ. ಗೇಟ್‌ವೇಯ ಪಟ್ಟಿಯಲ್ಲಿ ಉಳಿದಿದ್ದದ್ದು ಅವರ ಫೋನ್ ನಂಬರು ಮಾತ್ರ. ಮರುದಿನ ಬೆಳಿಗ್ಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

ಮೇಷ್ಟ್ರಿಗೆ ಮೊದಲು. ಅವರು ನನ್ನ ಮಾತು ನಂಬಿ ಐದು ದಿನ ಕಾದು, ಆರನೆಯ ದಿನ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತಿದ್ದರು. "ಹಣ ಅಂಗಡಿಯವರಿಗೆ ಮುಟ್ಟೇದ ಅಂತ ಬ್ಯಾಂಕಿನ್ಯಾಗ ತೋರಿಸಿದ್ರು. ನಿಮಗ ಹೇಳೂಣಂದ್ರ, ಮತ್ತ ನೀವು ಸುಳ್ಳ ಅಂದೀರಿ ಅಂತ ಬಿಟ್ಟೆ" ಅಂದರು. ಬೈಯಲಿಲ್ಲ. ನನಗೆ ಮಾತು ಹೊರಡಲಿಲ್ಲ. ಸತ್ಯವನ್ನು ಕೈಯಲ್ಲಿ ಹಿಡಿದುಕೊಂಡಿದ್ದ ಮನುಷ್ಯ ನನ್ನ ಗಟ್ಟಿ ದನಿಗೆ ಹೆದರಿ ಸುಮ್ಮನಾಗಿದ್ದರು.

ಏಳರಲ್ಲಿ ನಾಲ್ವರು ಕೇಳಿಯೇ ಇರಲಿಲ್ಲ. ಅವರಲ್ಲೊಬ್ಬ ಹೆಂಗಸು, "ಇಂಟರ್ನೆಟ್ಟಲ್ಲಿ ಹೋದ ದುಡ್ಡು ಹೋಯ್ತು ಅಂದ್ಕೊಂಡೆ. ಮನೇಲಿ ಹೇಳಿದ್ರೆ ಬೈತಾರೆ ಅಂತ ಹೇಳ್ಲಿಲ್ಲ" ಎಂದರು. 420 ರೂಪಾಯಿಯ ಜೊತೆಗೆ ಒಂದು ಗುಟ್ಟಿನ ಭಾರವನ್ನೂ ನಾನು ಅವರ ಮೇಲೆ ಹೊರಿಸಿದ್ದೆ. ಏಳು ಜನರಿಗೂ ಬಾಟಲಿ ಕಳಿಸಿದೆವು, ಎರಡು ಸಲ ಕಟ್ಟಿದ್ದ ನಾಲ್ವರಿಗೆ ಹೆಚ್ಚಿನ ಹಣ ಹಿಂದಿರುಗಿಸಿದೆವು.

ಆ ವಾರ ಹಟಕ್ಕೆ ಬಿದ್ದು ವೆಬ್‌ಹುಕ್ ಬರೆದೆ. ಅದರಲ್ಲೂ ಎಡವಿದೆ. ಸುದ್ದಿ ತಲುಪಿತು ಎಂದು ನಮ್ಮ ಸರ್ವರ್ ಬೇಗ ಉತ್ತರಿಸದಿದ್ದರೆ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತದೆ. ನನ್ನ ಕೋಡ್ ಮೊದಲು ಅತ್ತೆಗೆ ಸಂದೇಶ ಕಳಿಸಿ, ಆಮೇಲೆ ನಿಧಾನಕ್ಕೆ ಉತ್ತರ ಕೊಡುತ್ತಿತ್ತು. ಒಂದೇ ಪಾವತಿಗೆ ಅತ್ತೆಗೆ ಮೂರು ಸಂದೇಶ ಹೋಯಿತು. "ಒಬ್ಬನೇ ಮನುಷ್ಯ ಒಂದೇ ನಿಮಿಷದಲ್ಲಿ ಮೂರು ಸಲ ಕೇಳುವುದಿಲ್ಲ ತಮಾ" ಎಂದು ಅವಳೇ ತಡೆದಳು. ಪಾವತಿಯ ನಂಬರು ಈಗಾಗಲೇ ಬರೆದಿದ್ದರೆ ಎರಡನೆಯ ಸಲ ಬರೆಯಬಾರದು ಎಂಬ ಒಂದು ನಿಯಮ ಸೇರಿಸಿದ ಮೇಲೆ ಅದು ನಿಂತಿತು.

ಸರಿಪಡಿಸುವಾಗ ಇನ್ನೊಂದು ತೆರೆದ ಬಾಗಿಲು ಕಂಡಿತು. 'ಧನ್ಯವಾದ' ಪುಟದ ವಿಳಾಸ ಗೊತ್ತಿದ್ದ ಯಾರಾದರೂ ಹಣ ಕಟ್ಟದೆಯೇ ಅದನ್ನು ತೆರೆದಿದ್ದರೆ ನನ್ನ ಕೋಡ್ ಆರ್ಡರ್ ಬರೆಯುತ್ತಿತ್ತು. ಬಂದ ಸುದ್ದಿ ಗೇಟ್‌ವೇಯದೇ ಹೌದೋ ಎಂದು ನೋಡಲು, ಅವರಿಗೂ ನಮಗೂ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯಿಂದ ಹಾಕಿದ ಮುದ್ರೆ ಇರುತ್ತದೆ. ನಾನು ಅದನ್ನು ಪರೀಕ್ಷಿಸುತ್ತಲೇ ಇರಲಿಲ್ಲ. ಯಾರೂ ಆ ಬಾಗಿಲಲ್ಲಿ ಒಳಗೆ ಬರಲಿಲ್ಲ. ಅದು ಜನರ ಒಳ್ಳೆಯತನ.

ಗಣೇಶ ಚೌತಿಗೆ ಊರಿಗೆ ಹೋದಾಗ ಅತ್ತೆಯ ಪುಸ್ತಕವನ್ನು ನಾನೇ ಕೇಳಿ ತೆಗೆಸಿಕೊಂಡೆ. ಯಾರಾದರೂ ಬಾಟಲಿ ಬೇಕು ಎಂದ ಕೂಡಲೇ ಹೆಸರು, ಊರು 'ಕೇಳಿದ್ದು' ಸಾಲಿನಲ್ಲಿ ಬೀಳುತ್ತಿತ್ತು, ಹಣ ಬರಲಿ ಬಿಡಲಿ. ಬಂದಾಗ ಎರಡನೆಯ ಸಾಲು, ಕಟ್ಟು ಹೋದಾಗ ಮೂರನೆಯದು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಮೂರೂ ಸಾಲಿನ ತಾಳೆ. ತಾಳೆಯಾಗದ ಹೆಸರಿನ ಪಕ್ಕದಲ್ಲಿ ಒಂದು ಚುಕ್ಕೆ, ಮರುದಿನ ಅವರಿಗೆ ಒಂದು ಫೋನ್. ಕೈಪಿಡಿಯ ಪುಟಗಳಲ್ಲಿ ನಾನು ಓದಿ ಮುಂದೂಡಿದ್ದೆಲ್ಲ ನೋಟ್‌ಬುಕ್ಕಿನ ನೀಲಿ ಶಾಯಿಯಲ್ಲಿ ಮೊದಲಿನಿಂದಲೂ ಇತ್ತು.

ಅತ್ತೆಗೆ ಕೋಡ್ ಗೊತ್ತಿಲ್ಲ. ಮಾತು ದಾರಿಯಲ್ಲಿ ತಪ್ಪಿಹೋಗುತ್ತದೆ, ಕೊಟ್ಟವರು ತಿರುಗಿ ಬಂದು ಹೇಳಲಾರರು ಎಂಬುದು ಗೊತ್ತಿದೆ. ಅದಕ್ಕೇ ಹುಡುಕಿಕೊಂಡು ಹೋಗುವ ಕೆಲಸವನ್ನು ಅವಳು ತನ್ನ ಮೇಲೆ ಇಟ್ಟುಕೊಂಡಿದ್ದಳು. ನಾನು ಅದನ್ನು ಗ್ರಾಹಕರ ಹೆಗಲಿಗೆ ದಾಟಿಸಿ, ಸೌಕರ್ಯ ಮಾಡಿಕೊಟ್ಟೆ ಎಂದುಕೊಂಡಿದ್ದೆ. ನನ್ನ ಪರದೆಯಲ್ಲಿ ಕಾಣಿಸದ್ದು ನಡೆದೇ ಇಲ್ಲ ಎಂದು ನಂಬಿದ್ದೆ.

ಈಗ ವೆಬ್‌ಸೈಟಿನ ಡೇಟಾಬೇಸಿನಲ್ಲಿಯೂ ಅದೇ ಮೂರು ಸಾಲು. ರಾತ್ರಿ ಹತ್ತಕ್ಕೆ ಕೋಡ್ ತಾನೇ ಗೇಟ್‌ವೇಯನ್ನು ಕೇಳಿ, ಎರಡೂ ಪಟ್ಟಿ ಹೋಲಿಸಿ, ಹೆಚ್ಚುಕಡಿಮೆ ಇದ್ದರೆ ನನಗೂ ಅತ್ತೆಗೂ ಹೆಸರು ಕಳಿಸುತ್ತದೆ. ಯಾರಾದರೂ ಪಾವತಿಯ ಕೆಲಸ ಮಾಡಿಕೊಡು ಎಂದು ಬಂದರೆ, ಅವರ ಹಳೆಯ ಲೆಕ್ಕದ ಪುಸ್ತಕ ತೋರಿಸಿ ಎಂದು ಮೊದಲು ಕೇಳುತ್ತೇನೆ. ಹಣ ಹೋಯಿತು ಎಂದು ಫೋನ್ ಬಂದರೆ, ನಿಯಮ ಹೇಳುವ ಮೊದಲು ಗೇಟ್‌ವೇಯ ಪಟ್ಟಿ ತೆರೆಯುತ್ತೇನೆ.

ಮರುವರ್ಷ ಧಾರವಾಡದ ಮೇಷ್ಟ್ರು ಎರಡು ಬಾಟಲಿ ತರಿಸಿದರು. ಹಣ ಕಟ್ಟಿದ ಕೂಡಲೇ ಫೋನ್ ಮಾಡಿ ಕೇಳಿದರು, "ಮುಟ್ಟೇತೇನ್ರಿ?" ಮುಟ್ಟಿದೆ ಸರ್ ಎಂದೆ, ಈ ಸಲ ನೋಡಿಕೊಂಡೇ.