ಅರ್ಥವಿಲ್ಲದ ಪದಗಳ ಸುಖ

ಅರ್ಥವೇ ಇಲ್ಲದ ಪದಗಳನ್ನು ಕಟ್ಟುವುದೆಂದರೆ ನನಗೆ ಬಲು ಇಷ್ಟ. ಹೊಸ ಭಾಷೆ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಒಲಿಯುವುದು ಯಾಕೆ ಎಂದು ಹುಡುಕುವ ನಮ್ಮಂಥವರಿಗೆ ಈ ಹುಸಿಪದಗಳು ಬೇಕೇ ಬೇಕು. ನಾನು ಹೇಳುತ್ತೇನೆ, ಕೇಳಿದವರು ಹಾಗೆಯೇ ತಿರುಗಿ ಹೇಳಬೇಕು. ಅರ್ಥದ ಆಸರೆಯಿಲ್ಲದೆ ಬರೀ ದನಿಯನ್ನು ಮನಸ್ಸು ಎಷ್ಟು ಹಿಡಿದಿಟ್ಟುಕೊಳ್ಳಬಲ್ಲದು ಎನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಪದ ಕನ್ನಡದ ನಾಲಿಗೆಗೆ ಒಗ್ಗಬೇಕು, ಆದರೆ ಕನ್ನಡದ ಯಾವ ಪದವೂ ಒಳಗಿಂದ ಇಣುಕಬಾರದು. ‘ಪಿಲಸೂಟ’ದಲ್ಲಿ ಊಟ ಕೇಳಿಸುತ್ತದೆ, ಹೊಡೆದುಹಾಕಿದೆ. ‘ಜಿಮಲಕೆಸು’ ಚೆನ್ನಾಗಿದೆ ಅಂದುಕೊಂಡರೆ ಮಲೆನಾಡಿನವರಿಗೆ ಕೆಸುವಿನೆಲೆಯ ಪತ್ರೊಡೆ ನೆನಪಾದೀತು, ಅದೂ ಹೋಯಿತು. ‘ನೊದಿಪಲು’ ಉಳಿಯಿತು. ಎಷ್ಟು ಮುದ್ದಾದ ಪದ! ಸಂಜೆಯೆಲ್ಲ ಹೇಳಿಕೊಂಡು ಓಡಾಡಿದೆ.

ದನಿಯ ಈ ನೆನಪು ಸಣ್ಣ ವಿಷಯವಲ್ಲ. ಮಿದುಳಿಗೆ ಹಾನಿಯಾಗಿ ಅದನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಇಟಲಿಯ ಮಹಿಳೆಯೊಬ್ಬರ ಬಗ್ಗೆ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1988ರಲ್ಲಿ ಬರೆದರು. ಇಟಾಲಿಯನ್ ಪದಗಳ ಜೋಡಿಗಳನ್ನು ಆಕೆ ಎಲ್ಲರಂತೆ ಕಲಿತರು. ರಷ್ಯನ್ ಪದಗಳನ್ನು ಕಿವಿಯಿಂದ ಕೇಳಿ ಕಲಿಯುವುದು ಮಾತ್ರ ಅವರಿಂದ ಆಗಲೇ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಂತ ಎಲ್ಲವೂ ಕಿವಿಯಲ್ಲೇ ಇಲ್ಲ. ಜಾನ್ ಕ್ಯಾರೊಲ್ ಮತ್ತು ಸ್ಟ್ಯಾನ್ಲಿ ಸ್ಯಾಪನ್ 1959ರಲ್ಲಿ ಹೊರತಂದ ಭಾಷಾ ಸಾಮರ್ಥ್ಯದ ಪರೀಕ್ಷೆಯ ಹಿಂದೆಯೂ ಇದೇ ತಿಳಿವಳಿಕೆ ಇತ್ತು: ದನಿ ಹಿಡಿಯುವುದು ಬೇರೆ, ವಾಕ್ಯದ ಕಟ್ಟು ಕಾಣುವುದು ಬೇರೆ, ಬಾಯಿಪಾಠ ಬೇರೆ. ಬೆಂಗಳೂರಿನ ಕನ್ನಡ ತರಗತಿಗಳಲ್ಲಿ ಇದು ಎದ್ದು ಕಾಣುತ್ತದೆ. ಒಬ್ಬ ಹುಡುಗ ಹುಸಿಪದಗಳನ್ನೆಲ್ಲ ಅಚ್ಚೊತ್ತಿದಂತೆ ತಿರುಗಿ ಹೇಳಿದ, ಆದರೆ ‘ಊರುಗೆ ಹೋಗ್ತೀನಿ’ ಅನ್ನುವುದನ್ನು ಬಿಡಲಿಲ್ಲ. ಅವನ ಪಕ್ಕದ ಹುಡುಗಿಗೆ ನಾಲ್ಕಕ್ಷರ ದಾಟಿದರೆ ದನಿ ಕಲಸಿಹೋಗುತ್ತಿತ್ತು. ಮನೆಗೆ, ಊರಿಗೆ, ಮರಕ್ಕೆ ಎಂದು ಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಅವಳೇ ಕೇಳಿದಳು: “ಹಾಗಾದ್ರೆ ಕೆಲಸ ಅಂದ್ರೆ ಕೆಲಸಕ್ಕೆ ಅಲ್ವಾ ಮೇಡಂ?” ಯಾರೂ ಹೇಳಿಕೊಡದ ನಿಯಮವನ್ನು ಅವಳೇ ಹೆಕ್ಕಿದ್ದಳು. ಇಂಥ ಗಳಿಗೆಗೋಸ್ಕರವೇ ನಾನು ಈ ಕೆಲಸದಲ್ಲಿದ್ದೇನೆ.

ಕನ್ನಡ ಕಲಿಸುವ ಗೆಳೆಯರಲ್ಲಿ ಒಂದು ಕೋರಿಕೆ. ‘ಇವರಿಗೆ ಭಾಷೆ ಹತ್ತುವುದಿಲ್ಲ’ ಎನ್ನುವ ಮೊದಲು, ಕೇಳಿ ಕಲಿಯಲಾಗದವರಿಗೆ ಬರೆದು ತೋರಿಸಿ, ನಿಯಮ ಹಿಡಿಯಲಾಗದವರಿಗೆ ಇಡೀ ವಾಕ್ಯಗಳನ್ನೇ ಬಾಯಿಗೆ ಹತ್ತಿಸಿ ನೋಡಿ.