ಗಾಲಿಯ ವ್ಯಾಕರಣ

ಅಲಾಯ್ ಗಾಲಿಗೆ ತುಕ್ಕಿಲ್ಲವೆಂದು ನಂಬಿದವರು ನಮ್ಮ ಮಂಗಳೂರಿನಲ್ಲಿ ಎರಡು ವರ್ಷ ಕಾರಿಟ್ಟು ನೋಡಬೇಕು. ಅಲ್ಯೂಮಿನಿಯಮ್ಮಿಗೆ ಕಬ್ಬಿಣದ ಕೆಂಪು ತುಕ್ಕಿಲ್ಲ, ನಿಜ. ಆದರೆ ಮೇಲಿನ ಬಣ್ಣ ಸೀಳಿತೋ, ಉಪ್ಪಿನ ತೇವ ಒಳಹೊಕ್ಕು ಅದರಡಿಯಲ್ಲಿ ಬಿಳಿಯ ಎಳೆಗಳು ಹಬ್ಬುತ್ತವೆ.

ನನ್ನ ಕಾರಿನ ವಾರಂಟಿ ಇನ್ನೂ ಒಂದು ವರ್ಷವಿತ್ತು. “ಇದು ಸಮುದ್ರದ ಗಾಳಿ ಸಾರ್, ವಾರಂಟಿಗೆ ಬರುವುದಿಲ್ಲ” ಎಂದ ಷೋರೂಮಿನ ತರುಣ. ಕಾರು ಮಾರಿದ ದಿನ ಸಮುದ್ರ ಬೇರೆ ಊರಿಗೆ ಹೋಗಿತ್ತೇ? ವ್ಯಾಕರಣದ ಪಾಠ ಹೇಳುವವನಿಗೆ ಅಪವಾದ ಹೊಸದಲ್ಲ; ಆದರೆ ಸೂತ್ರ ಒಂದು ಸಾಲು, ಅಪವಾದ ಎರಡು ಪುಟವಿರುವ ಶಾಸ್ತ್ರವನ್ನು ನಾನು ಕಂಡಿರಲಿಲ್ಲ.

ಕಲ್ಲೇಟಿನ ಗುರುತೇ ಇಲ್ಲದ ಎರಡು ಗಾಲಿಗಳನ್ನು ತೋರಿಸಿ, “ಆಗುವುದಿಲ್ಲವೆಂದು ಬರೆದುಕೊಡಿ” ಎಂದೆ. ಮಾತಿಗೆ ಅಂಜದವರು ಬರಹಕ್ಕೆ ಅಂಜಿದರು. ವಾರದೊಳಗೆ ಅವೆರಡೂ ಬದಲಾದವು. ಉಳಿದೆರಡು ಸಮುದ್ರದ ಪಾಲು.