ಮಗಳ ವಿಡಿಯೋ ಗೇಮಿಗೆ ಸೈಕಲ್ ಟ್ಯೂಬು

ಮಗಳ ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬರುತ್ತಿರಲಿಲ್ಲ. ಆಡಿಸುತ್ತಲೇ ಇರಬೇಕು ಅಂದರು ಡಾಕ್ಟರು. ಸ್ಪಂಜಿನ ಚೆಂಡು ಕೊಟ್ಟರೆ ಎರಡೇ ನಿಮಿಷಕ್ಕೆ ಎಸೆಯುತ್ತಿದ್ದಳು. ಅವರನ್ನೇ ಕೇಳಿ, ಎಸ್.ಪಿ. ರಸ್ತೆಯಿಂದ ಕೈಯಲ್ಲಿ ಹಿಡಿದು ಆಡುವ ಪುಟ್ಟ ವಿಡಿಯೋ ಗೇಮ್ ಒಂದನ್ನು ರಾಜರಾಜೇಶ್ವರಿನಗರದ ಮನೆಗೆ ತಂದೆವು.

1989ರ ಗೇಮ್ ಬಾಯ್ ನಾಲ್ಕು ಸೆಲ್ ಹಿಡಿಯುವ ದಪ್ಪ ಇಟ್ಟಿಗೆ. ನಾವು ತಂದದ್ದು ಸವೆದ ಸೋಪಿನ ಹಾಗೆ. ಅವಳ ಹಿಡಿತಕ್ಕೇ ಸಿಗಲಿಲ್ಲ. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು, ತೊಳೆದು, ಚಾರ್ಜಿಂಗ್ ತೂತು ಬಿಟ್ಟು ಎರಡೂ ಬದಿಗೆ ಸುತ್ತಿದೆವು. ಗುಂಡಿ ಚಿಕ್ಕದಿತ್ತು. ಮುರಿದ ಚನ್ನಪಟ್ಟಣದ ಬೊಂಬೆಯ ಮರದ ಚಕ್ರವನ್ನು ಅದರ ಮೇಲೆ ಕೂರಿಸಿದೆವು.

ಅವಸರ ನಮ್ಮದೇ. ಬೇಗ ಒಣಗುವ ಅಂಟು ಸಂದಿಗಿಳಿದು ಗುಂಡಿ ಕಚ್ಚಿಕೊಂಡಿತು. ಮಗಳು ಅತ್ತಳು. ಸ್ಕ್ರೂ ಬಿಚ್ಚಿ, ಬ್ಲೇಡಿನಲ್ಲಿ ಕೆರೆದು, ಎರಡೂ ಕಡೆ ಅಂಟುವ ಟೇಪ್ ಹಾಕಿದೆವು. ಸರಿಹೋಯಿತು. ನೀವು ಮಾಡುವುದಾದರೆ ಮೊದಲೇ ಟೇಪ್ ಹಾಕಿ.

ಕೈ ಸ್ವಾಧೀನ ಕಡಿಮೆ ಇರುವವರಿಗೆಂದೇ ಮೈಕ್ರೋಸಾಫ್ಟ್ 2018ರಲ್ಲಿ ದೊಡ್ಡ ಗುಂಡಿಗಳ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತ್ತು. ನಮ್ಮದು ಅದರ ಬಡ ನೆಂಟ.

ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅಷ್ಟೇ ಆಟ. ಇಷ್ಟು ದಿನ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದವಳು ಮೊನ್ನೆ ರಾತ್ರಿ ಬಲಗೈಯಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದಿದಳು. ನಾವಿಬ್ಬರೂ ನೋಡದವರ ಹಾಗೆ ತಲೆ ತಗ್ಗಿಸಿ ಉಂಡೆವು.